ಬಿರುದು ದರ್ಬಾರಲ್ಲಿ ಸಿಗ್ಬೇಕಾ, ಬೀದೀಲಾ?

ಪ್ರಶ್ನೆ: ಸರ್, ನಾವು ದಾವಣಗೆರೆಲಿ ಇಂಜಿನಿಯರಿಂಗ್ ಓದ್ತಿರೋ ನಾಲ್ಕು ಜನ ಸೇರ್ಕೊಂಡು ದುರ್ಗದ ಥರದ ಕೋಟೆ, ಪಾಳೇಗಾರರು ಇರೋ ಒಂದು ಫ್ಯಾಂಟಸಿ ರೋಲ್ ಪ್ಲೇಯಿಂಗ್ ಗೇಮ್ ಮಾಡ್ತಿದೀವಿ. ಹೀರೋಗೆ ಶುರುನಲ್ಲೇ ನಾಯಕರು ದರ್ಬಾರಲ್ಲಿ ಬಿರುದು ಕೊಡ್ಲಿ ಅಂತ ಇಬ್ರು, ಆಟಗಾರನೇ ಗಳಿಸ್ಲಿ ಅಂತ ಇಬ್ರು. ಯಾವ್ದು ಸರಿ?

ಉತ್ತರ: ಗಳಿಸ್ಲಿ ಅನ್ನೋರಿಗೇ ನನ್ನ ಓಟು ಕಣ್ರಪ್ಪಾ, ಆದ್ರೆ ಕೊಡೋ ಬಿರುದೆಲ್ಲಾ ಸಪ್ಪೆ ಅಂತ ತಿಳ್ಕೋಬೇಡಿ. 2002ರ ಮಾರೋವಿಂಡ್ ಅನ್ನೋ ಗೇಮ್ ಆಡಿ ನೋಡಿ. ಅದ್ರಲ್ಲಿ ಹೀರೋ ಹುಟ್ಟಿದ ಗಳಿಗೆ ಭವಿಷ್ಯವಾಣಿಗೆ ಹೊಂದುತ್ತೆ, ಸರಿ, ಆದ್ರೆ ಒಂದು ಗುಹೆಗೆ ಹೋದ್ರೆ ಅದೇ ಭವಿಷ್ಯವಾಣಿ ನಂಬ್ಕೊಂಡು ಬಂದು ಸೋತು ಸತ್ತವರು ಅಲ್ಲೇ ಇರ್ತಾರೆ, ಅವರ ಆತ್ಮಗಳು ನಿಮ್ಮ ಹತ್ರ ಮಾತಾಡ್ತವೆ, ಅಲ್ಲಿಗೆ ಗೊತ್ತಾಗುತ್ತೆ ಹುಟ್ಟಿದ್ದಷ್ಟೇ ಸಾಲಲ್ಲ ಅಂತ. ಆಮೇಲೆ ಮೂರು ದೊಡ್ಡ ಮನೆತನದವರು ಹೋರ್ಟೇಟರ್, ಅಂದ್ರೆ ಯುದ್ಧದ ನಾಯಕ, ಅಂತ ಒಪ್ಪಬೇಕು, ನಾಲ್ಕು ಬುಡಕಟ್ಟಿನವರು ನೆರೆವರೀನ್, ಅಂದ್ರೆ ಭವಿಷ್ಯವಾಣಿ ಹೇಳಿದ, ಮತ್ತೆ ಹುಟ್ಟಿ ಬಂದ ಹಳೇ ವೀರ, ಅಂತ ಒಪ್ಪಬೇಕು. ಒಬ್ಬ ದುಡ್ಡು ಕೇಳ್ತಾನೆ, ಇನ್ನೊಬ್ಬ ಕತ್ತಿ ಹಿಡ್ಕೊಂಡು ಎದುರು ನಿಲ್ತಾನೆ. ಕೊಡೋರು ಅವರೇ, ಆದ್ರೆ ಮನೆಮನೆ ಬಾಗಿಲು ಬಡಿದು ತಗೊಂಡಿದ್ದಲ್ವಾ, ಅದಕ್ಕೇ ಅದು ನಮ್ದು ಅನ್ಸುತ್ತೆ.

2011ರ ಸ್ಕೈರಿಮ್ ಗೇಮ್‌ನಲ್ಲಿ ಎರಡೂ ಥರ ಇದೆ. ಮೊದಲನೇ ಡ್ರ್ಯಾಗನ್ ಸತ್ತಾಗ ಅದರ ಆತ್ಮ ನಿಮ್ಮೊಳಗೆ ಬರುತ್ತೆ, ಪಕ್ಕದಲ್ಲಿದ್ದ ಸೈನಿಕರೇ ಡ್ರ್ಯಾಗನ್‌ಬಾರ್ನ್, ಅಂದ್ರೆ ಡ್ರ್ಯಾಗನ್ ಆತ್ಮ ಇಟ್ಕೊಂಡು ಹುಟ್ಟಿದವನು, ಅಂತಾರೆ, ಅದು ಹುಟ್ಟಿನಿಂದ ಬಂದಿದ್ದು. ಥೇನ್ ಅನ್ನೋ, ಊರಿನ ಒಡೆಯ ಕೊಡೋ ಗೌರವದ ಪದವಿನ ವೈಟ್‌ರನ್ ಅನ್ನೋ ಊರಲ್ಲಿ ಅದೇ ಡ್ರ್ಯಾಗನ್ ನೆಪದಲ್ಲಿ ಒಂದು ಕೊಡಲಿ, ಲಿಡಿಯಾ ಅನ್ನೋ ಅಂಗರಕ್ಷಕಿ ಸಮೇತ ಕೊಟ್ಬಿಡ್ತಾರೆ. ರಿಫ್ಟನ್‌ನಂಥ ಬೇರೆ ಊರಲ್ಲಿ ಹಾಗಲ್ಲ, ಊರವರಿಗೆ ಸಣ್ಣಪುಟ್ಟ ಸಹಾಯ ಮಾಡ್ತಾ ಓಡಾಡ್ಬೇಕು. ನಂಗೆ ಎರಡನೇದೇ ಇಷ್ಟ, ಯಾಕಂದ್ರೆ ಅಷ್ಟೊತ್ತಿಗೆ ಅಲ್ಲಿನ ಜನರ ಮುಖ ಪರಿಚಯ ಆಗಿರುತ್ತೆ.

ದುರ್ಗದ ಕಥೆ ಮಾಡ್ತಿರೋರಿಗೆ ಓಬವ್ವನ್ನ ಬಿಟ್ಟು ಬೇರೆ ಉದಾಹರಣೆ ಯಾಕೆ ಬೇಕು? ಗಂಡ ಊಟಕ್ಕೆ ಕೂತಾಗ ನೀರಿಗೆ ಹೋದವಳು, ಹೈದರಾಲಿ ಸೈನಿಕರು ಕಿಂಡಿಲಿ ನುಸುಳ್ತಿರೋದು ನೋಡಿ ಒನಕೆ ಎತ್ಕೊಂಡ್ಳು ಅಂತ ನಮ್ಮಲ್ಲಿ ಹೇಳ್ತಾರೆ. ಆ ಹೊತ್ತಲ್ಲಿ ಬಿರುದು ಕೊಡೋಕೆ ಅಲ್ಲಿ ಯಾವ ದರ್ಬಾರಿತ್ತು? ಒನಕೆ ಓಬವ್ವ ಅಂದಿದ್ದು ಜನ, ಚಿತ್ರದುರ್ಗದ ಸ್ಟೇಡಿಯಂಗೆ ಅವಳ ಹೆಸರಿಟ್ಟಿದ್ದು ಎಷ್ಟೋ ಕಾಲ ಆದ್ಮೇಲೆ.

ನಿಮ್ಮ ಗೇಮಲ್ಲೂ ಹಂಗೇ ಮಾಡಿ. ಸ್ಕ್ರೀನ್ ಮೇಲೆ ದೊಡ್ಡ ಅಕ್ಷರದಲ್ಲಿ ಬಿರುದು ಬರೋದು ಬೇಡ, ಮೊದಲು ಹೊಂಡದ ಹತ್ರ ನೀರು ತುಂಬೋರು, ಸಂತೆಲಿ ಕಾಳು ಮಾರೋರು ಅವನನ್ನ ಹೊಸ ಹೆಸರಲ್ಲಿ ಕರೀಲಿ. ಶತ್ರುನ ಕೊಂದವನಿಗೆ ಒಂದು ಹೆಸರು, ಸೆರೆ ಹಿಡಿದು ಬಿಟ್ಟವನಿಗೆ ಬೇರೆ ಹೆಸರು ಬರ್ಲಿ. ದರ್ಬಾರ್ ಸೀನ್ ಈಗಾಗ್ಲೇ ಮಾಡಿದ್ರೆ ಕಿತ್ತಾಕ್ಬೇಡಿ ಮತ್ತೆ, ಕಥೆ ಅರ್ಧ ದಾಟಿದ ಮೇಲೆ ಇಡಿ, ಜನ ಕರೀತಿರೋ ಹೆಸರನ್ನೇ ನಾಯಕರೂ ಹೇಳ್ಲಿ, ನಂಗೆ ಬೇಡ ಸ್ವಾಮಿ ಅನ್ನೋ ಆಯ್ಕೆನೂ ಆಟಗಾರನಿಗೆ ಕೊಡಿ.