ಆದರ್ಶ ವ್ಯಕ್ತಿಯೊಬ್ಬರಿದ್ದರೆ ಸಾಕೇ, ಎದುರಿಗೆ ಕೂರಿಸಿಕೊಂಡು ಕಲಿಸುವ ಗುರುವೂ ಬೇಕೇ?

ದೊಡ್ಡವರ ಜೀವನಚರಿತ್ರೆ ಓದಿದಾಗಲೆಲ್ಲ ಹುರುಪು ಬರುತ್ತದೆ, ವಾರ ಕಳೆಯುವುದರೊಳಗೆ ಅದು ಇಳಿದುಹೋಗುತ್ತದೆ, ಆದರ್ಶವೊಂದೇ ಸಾಲದೇ ಎಂದು ಕೇಳಿದ್ದೀರಿ. ನನ್ನ ಅನುಭವದಲ್ಲಿ ಸಾಲದು. ನಾನು ಹಿಂದುಸ್ತಾನಿ ಗಾಯನದ ವಿದ್ಯಾರ್ಥಿ. ನನಗೆ ಗೊತ್ತಿರುವ ಆ ಕ್ಷೇತ್ರದಿಂದಲೇ ಹೇಳುತ್ತೇನೆ.

ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಹಿರಿಯ ಗಾಯಕ ಅಬ್ದುಲ್ ಕರೀಂ ಖಾನರ ಧ್ವನಿಮುದ್ರಿಕೆ ಕೇಳಿ ಮನಸೋತವರು. ಹಾಗೆ ಹಾಡಬೇಕೆಂಬ ಹಂಬಲ ಹನ್ನೊಂದು ವರ್ಷದ ಹುಡುಗನನ್ನು 1933ರಲ್ಲಿ ಮನೆ ಬಿಡಿಸಿತು. ಗುರುವನ್ನು ಅರಸುತ್ತ ಅವರು ಗ್ವಾಲಿಯರ್, ಜಾಲಂಧರದವರೆಗೂ ಅಲೆದರು. ಊರಿಗೆ ಮರಳಿ ಸವಾಯಿ ಗಂಧರ್ವರಲ್ಲಿ ಕಲಿಯುವಂತೆ ಜಾಲಂಧರದಲ್ಲಿ ಅವರಿಗೆ ಹೇಳಿದವರು ಗಾಯಕ ವಿನಾಯಕರಾವ್ ಪಟವರ್ಧನರು. ಸವಾಯಿ ಗಂಧರ್ವರು ಜೋಶಿಯವರ ಊರಾದ ಗದಗಿಗೆ ಹತ್ತಿರದ ಕುಂದಗೋಳದವರು, ಅಬ್ದುಲ್ ಕರೀಂ ಖಾನರ ಶಿಷ್ಯರು. ಈ ಸಂಗತಿ ನನ್ನನ್ನು ಬಹಳ ಕಾಡಿದೆ. ಧ್ವನಿಮುದ್ರಿಕೆಯಿಂದ ಹುಟ್ಟಿದ ಹಂಬಲ ಗಂಟಲಿಗೆ ಇಳಿಯಬೇಕಾದರೆ, ಅದೇ ದಾರಿಯಲ್ಲಿ ತಾವೂ ನಡೆದು ಬಂದಿದ್ದ ಒಬ್ಬರ ಮನೆಯಲ್ಲಿ ನೀರು ಹೊತ್ತು, ವರ್ಷಗಟ್ಟಲೆ ಅವರೆದುರು ಕೂರಬೇಕಾಯಿತು.

ನಾನೂ ಮೊದಲ ಎರಡು ವರ್ಷ ಧ್ವನಿಮುದ್ರಿಕೆಗಳ ಜೊತೆ ಹಾಡಿಯೇ ಕಲಿಯಲು ಹೊರಟಿದ್ದೆ. ತಾನಗಳನ್ನು, ಅಂದರೆ ವೇಗವಾಗಿ ಹಾಡುವ ಸ್ವರಸರಣಿಗಳನ್ನು, ಬಾಯಿಪಾಠ ಮಾಡಿದ್ದೆ, ಮೆಚ್ಚಿನ ಗಾಯಕರು ಕೈ ಎತ್ತುವ ರೀತಿಯೂ ನನಗೆ ಬಂದಿತ್ತು. ಗುರುಗಳ ಬಳಿ ಮೊದಲ ದಿನ ಹಾಡಿದಾಗ ಅವರು ಏನೂ ಹೇಳದೆ ಹಾರ್ಮೋನಿಯಂನಲ್ಲಿ ಒಂದು ಮನೆ (ಕೀಲಿ) ಕೆಳಗಿನ ಸ್ವರ ಒತ್ತಿ, 'ಇದು ನಿನ್ನ ಷಡ್ಜ, ಇಲ್ಲಿಂದ ಹಾಡು' ಎಂದರು. ಷಡ್ಜವೆಂದರೆ ಹಾಡಿಗೆ ಆಧಾರವಾದ 'ಸ' ಸ್ವರ. ಅಷ್ಟು ಕಾಲ ಇನ್ನೊಬ್ಬರ ಶ್ರುತಿಯಲ್ಲಿ ನನ್ನ ಗಂಟಲನ್ನು ಹಿಂಡುತ್ತಿದ್ದೆನೆಂಬುದು ನನಗೆ ತಿಳಿದೇ ಇರಲಿಲ್ಲ. ಎಷ್ಟೇ ದೊಡ್ಡ ಕಲಾವಿದರ ಧ್ವನಿಮುದ್ರಿಕೆಯಾದರೂ ಅದಕ್ಕೆ ನಾವು ಹಾಡುವುದು ಕೇಳಿಸುವುದಿಲ್ಲವಲ್ಲ.

ಗುರುವಿನ ಕೈಯಲ್ಲಿ ನಮ್ಮತನ ಅಳಿಸಿಹೋದೀತು ಎಂಬ ಅಂಜಿಕೆ ನಿಮಗಿದ್ದರೆ ಗಂಗೂಬಾಯಿ ಹಾನಗಲ್ಲರ ಹಾಡು ಕೇಳಿ. ಅವರೂ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಹೋಗಿ ಅದೇ ಸವಾಯಿ ಗಂಧರ್ವರಲ್ಲಿ ಕಲಿತವರು. ಆದರೂ ಅವರ ಗಾಯನವನ್ನು ಭೀಮಸೇನರ ಗಾಯನವೆಂದು ಯಾರೂ ತಪ್ಪು ತಿಳಿಯಲಾರರು. ವಯಸ್ಸಾಯಿತೆಂಬ ಸಂಕೋಚವೂ ಬೇಡ. ಮಲ್ಲಿಕಾರ್ಜುನ ಮನ್ಸೂರರು ಗಾಯಕರಾಗಿ ಹೆಸರು ಮಾಡಿದ ಮೇಲೂ ಗಾಯಕ ಮಂಜೀಖಾನರ ಶಿಷ್ಯರಾದರು, 1937ರಲ್ಲಿ ಗುರುಗಳು ತೀರಿಕೊಂಡಾಗ ಅವರ ಸಹೋದರ ಬುರ್ಜೀಖಾನರ ಬಳಿ ಕಲಿಕೆಯನ್ನು ಮುಂದುವರಿಸಿದರು.

ಆದ್ದರಿಂದ ನೀವು ಮೆಚ್ಚಿದ ವ್ಯಕ್ತಿಯ ಕೆಲಸವನ್ನೇ ನಿಮ್ಮ ಊರಿನಲ್ಲಿ ಶ್ರದ್ಧೆಯಿಂದ ಮಾಡುತ್ತಿರುವ ಒಬ್ಬರನ್ನು ಹುಡುಕಿಕೊಳ್ಳಿ, ಅವರು ಪ್ರಸಿದ್ಧರಾಗಿರಬೇಕಿಲ್ಲ. ಹೋದಾಗ ಉಪದೇಶ ಕೇಳಬೇಡಿ, ನೀವು ಮಾಡಿದ್ದನ್ನು ಅವರ ಮುಂದಿಟ್ಟು ಎಲ್ಲಿ ತಪ್ಪಿದೆ ಎಂದು ಕೇಳಿ. ಮೆಚ್ಚಿನವರನ್ನು ಬಿಡಬೇಕಾಗಿಯೂ ಇಲ್ಲ. ನಾನು ವಾರಕ್ಕೆರಡು ದಿನ ಪಾಠ ಮುಗಿಸಿ ಬಂದು ಅದೇ ಹಳೆಯ ಧ್ವನಿಮುದ್ರಿಕೆಗಳನ್ನು ಕೇಳುತ್ತೇನೆ. ಅವರು ಎಲ್ಲಿ ಉಸಿರು ತೆಗೆದುಕೊಂಡರು ಎಂಬುದು ಈಗೀಗ ನನ್ನ ಕಿವಿಗೆ ಬೀಳತೊಡಗಿದೆ.