ಚೂ ಶಿನ್-ಸೂ ದೊಡ್ಡ ಆಟಗಾರ ಯಾಕೆ?

ಹುಬ್ಬಳ್ಳಿಯ ಓದುಗರೊಬ್ಬರ ಪತ್ರ: "ಕೊರಿಯಾದ ಬೇಸ್‌ಬಾಲ್ ಆಟಗಾರ ಚೂ ಶಿನ್-ಸೂ ಅವರನ್ನು ಕಳೆದ ಸಂಚಿಕೆಯಲ್ಲಿ ಬಹಳ ಹೊಗಳಿದ್ದೀರಿ. ಅಮೆರಿಕದಲ್ಲಿ 16 ಸೀಸನ್ ಆಡಿಯೂ ಅಲ್ಲಿನ ಲೀಗ್‌ನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸ್ ಗೆಲ್ಲಲಿಲ್ಲ. ಬ್ಯಾಟಿಂಗ್ ಸರಾಸರಿ ಬರೀ .275. ಇದರಲ್ಲಿ ಅಂಥದ್ದೇನಿದೆ?"

ಸಂಪಾದಕರ ಉತ್ತರ: ಪತ್ರಕ್ಕೆ ಧನ್ಯವಾದ. ನೀವು ಕೊಟ್ಟ ಅಂಕಿಗಳು ಸರಿಯಾಗಿಯೇ ಇವೆ. ಆದರೆ ಸರಾಸರಿ (ಬ್ಯಾಟಿಂಗ್ ಅವಕಾಶಗಳಲ್ಲಿ ಎಷ್ಟು ಪಾಲು ಹಿಟ್, ಅಂದರೆ ಚೆಂಡು ಹೊಡೆದು ಬೇಸ್ ತಲುಪಿದ್ದು, ಎಂಬ ಲೆಕ್ಕ) ನೋಡಿ ಚೂ ಅವರನ್ನು ಅಳೆದರೆ ಅವರ ಆಟದ ಅರ್ಧ ಭಾಗ ಲೆಕ್ಕಕ್ಕೇ ಬರುವುದಿಲ್ಲ.

ಬೇಸ್‌ಬಾಲ್‌ನಲ್ಲಿ ರನ್ ಗಳಿಸಲು ಮೈದಾನದ ನಾಲ್ಕು ಮೂಲೆಗಳ ಗುರುತುಗಳನ್ನು, ಅಂದರೆ ಬೇಸ್‌ಗಳನ್ನು, ಸುತ್ತಿ ಬರಬೇಕು. ಹೊಡೆದರೆ ಮಾತ್ರ ಬೇಸ್ ಸಿಗುತ್ತದೆ ಅಂತೇನಿಲ್ಲ. ಪಿಚರ್ (ಚೆಂಡು ಎಸೆಯುವವರು) ನಾಲ್ಕು ಚೆಂಡು ಆಚೀಚೆ ಎಸೆಯುವವರೆಗೂ ಬ್ಯಾಟ್ ಬೀಸದೆ ಬಿಟ್ಟರೆ ಮೊದಲ ಬೇಸ್ ಪುಕ್ಕಟೆ. ಇದಕ್ಕೆ ವಾಕ್ ಅನ್ನುತ್ತಾರೆ. ಚೆಂಡು ಮೈಗೆ ಬಡಿದರೂ ಬೇಸ್ ಸಿಗುತ್ತದೆ. ಸರಾಸರಿಯಲ್ಲಿ ಇವೆರಡೂ ಸೇರುವುದಿಲ್ಲ. ಕ್ರಿಕೆಟ್‌ನಲ್ಲಿ ಆಫ್ ಸ್ಟಂಪ್ ಆಚೆಯ ಚೆಂಡನ್ನು ಬಿಡುವುದಕ್ಕೂ ಒಂದು ಕಣ್ಣು ಬೇಕು ಅಲ್ವಾ, ಚೂ ಅವರಿಗೆ ಆ ಕಣ್ಣಿತ್ತು.

2013ರಲ್ಲಿ ಅವರು ಸಿನ್ಸಿನಾಟಿ ರೆಡ್ಸ್ ತಂಡದಲ್ಲಿದ್ದರು. ಆ ವರ್ಷ 162 ಹಿಟ್, 112 ವಾಕ್, ಮೈಗೆ 26 ಪೆಟ್ಟು. ಕೂಡಿಸಿ ನೋಡಿ, ಸರಿಯಾಗಿ 300 ಸಲ ಬೇಸ್ ತಲುಪಿದ್ದಾರೆ! ಆ 26 ಪೆಟ್ಟು ಸುಮ್ನೆ ಬಿದ್ದವಲ್ಲ. 2011ರಲ್ಲಿ ಇಂಥದ್ದೇ ಒಂದು ಎಸೆತ ಅವರ ಎಡಗೈ ಹೆಬ್ಬೆರಳನ್ನು ಮುರಿದಿತ್ತು. ಹಾಗಿದ್ದೂ ಹಿಂದೆ ಸರಿಯದೆ ನಿಂತು ಆಡಿದರು. 2018ರಲ್ಲಿ ಟೆಕ್ಸಾಸ್ ರೇಂಜರ್ಸ್ ಪರ ಸತತ 52 ಪಂದ್ಯಗಳಲ್ಲಿ ಬೇಸ್ ತಲುಪಿದರು. ಆಗ ಅವರಿಗೆ 36ರ ವಯಸ್ಸು. ಲೀಗ್‌ನ ಆಯ್ದ ಆಟಗಾರರು ಆಡುವ ಆಲ್-ಸ್ಟಾರ್ ಪಂದ್ಯಕ್ಕೆ ಕರೆ ಬಂದದ್ದೂ ಅದೇ ವರ್ಷ, ಜೀವನದಲ್ಲಿ ಮೊದಲ ಸಲ.

ದಾರಿಯೇನೂ ಸಲೀಸಾಗಿರಲಿಲ್ಲ. ಬೂಸಾನ್‌ನ ಈ ಹುಡುಗನನ್ನು 2000ದಲ್ಲಿ ಸಿಯಾಟಲ್ ಮ್ಯಾರಿನರ್ಸ್ ಕರೆದುಕೊಂಡಾಗ ಅವರು ಪಿಚರ್. ತಂಡದವರು ಮೈದಾನದ ಹೊರಭಾಗ ಕಾಯುವ ಔಟ್‌ಫೀಲ್ಡರ್ ಮಾಡಿದರು. ಆದರೆ ಮುಖ್ಯ ತಂಡದ ರೈಟ್ ಫೀಲ್ಡ್‌ನಲ್ಲಿ, ಅಂದರೆ ಹೊರಭಾಗದ ಬಲಬದಿಯಲ್ಲಿ, ಜಪಾನಿನ ದೊಡ್ಡ ತಾರೆ ಇಚಿರೊ ಸುಜುಕಿ ಇದ್ದರು. ಅವರನ್ನು ಸರಿಸಿ ಜಾಗ ಕೊಡುವವರು ಯಾರು? ವರ್ಷಗಟ್ಟಲೆ ಕೆಳಹಂತದ ಮೈನರ್ ಲೀಗ್‌ನಲ್ಲೇ ಕಾಯಬೇಕಾಯಿತು. ಮಗನ ಡೈಪರ್‌ಗೆಂದು ಊಟದ ಭತ್ಯೆ ಉಳಿಸುತ್ತಿದ್ದ ದಿನಗಳವು. 2006ರಲ್ಲಿ ಕ್ಲೀವ್‌ಲ್ಯಾಂಡ್ ತಂಡಕ್ಕೆ ಹೋದ ಮೇಲೆಯೇ ಅದೃಷ್ಟ ತಿರುಗಿದ್ದು. ಅಲ್ಲಿ ಮೊದಲ ಹೋಮ್ ರನ್ ಹೊಡೆದದ್ದು ಸಿಯಾಟಲ್ ವಿರುದ್ಧವೇ!

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾಗುವುದು 2020ರ ಒಂದು ಕೆಲಸ. ಕೊರೋನಾದಿಂದ ಆಟ ನಿಂತಿತ್ತು. ರೇಂಜರ್ಸ್‌ನ ಮೈನರ್ ಲೀಗ್ ಹುಡುಗರು ಕಂಗಾಲಾಗಿದ್ದರು. ಚೂ ಆ ಹುಡುಗರಲ್ಲಿ 191 ಜನರಿಗೆ ತಲಾ ಸಾವಿರ ಡಾಲರ್ ಕೊಟ್ಟರು. ಹಸಿವು ಏನೆಂದು ಗೊತ್ತಿದ್ದವರು ಮಾಡಿದ ಕೆಲಸ ಅದು.

ಇನ್ನು ಟ್ರೋಫಿಯ ಮಾತು. 2021ರಲ್ಲಿ ಅವರು ತಾಯ್ನಾಡಿಗೆ ಮರಳಿ ಇಂಚಾನ್‌ನ ಎಸ್‌ಎಸ್‌ಜಿ ಲ್ಯಾಂಡರ್ಸ್ ಸೇರಿದರು. ಮರುವರ್ಷವೇ ಆ ತಂಡ ಕೊರಿಯಾ ಲೀಗ್‌ನ ಅಂತಿಮ ಸರಣಿಯಾದ ಕೊರಿಯನ್ ಸೀರೀಸ್ ಗೆದ್ದಿತು. ಚೂ ಅವರಿಗೆ ಆಗ 40. 2024ರ ಕೊನೆಯ ಸೀಸನ್ನನ್ನು ಲೀಗ್‌ನ ಕನಿಷ್ಠ ಸಂಬಳಕ್ಕೆ ಆಡಿದರು, ಆ ಹಣವನ್ನೂ ದಾನ ಕೊಟ್ಟರು.