100ರ ಒಳಗೆ ಹುಡುಕಬೇಡಿ

ಓದುಗರ ಪತ್ರ: ಹೋದ ಸಂಚಿಕೆಯಲ್ಲಿ 2,14,74,83,647 ಅವಿಭಾಜ್ಯ ಸಂಖ್ಯೆ ಎಂದು ಬರೆದಿದ್ದಿರಿ. 100ರ ಒಳಗಿನ ಎಲ್ಲ ಅವಿಭಾಜ್ಯ ಸಂಖ್ಯೆಗಳಿಂದಲೂ ಭಾಗಿಸಿ ನೋಡಿದೆ. ಪ್ರತಿ ಸಲವೂ ಶೇಷ ಉಳಿಯಿತು. ಇಷ್ಟು ಸಾಕೇ? ಕಂಪ್ಯೂಟರ್ ಇಲ್ಲದೆ ಇದನ್ನು ಖಚಿತವಾಗಿ ಹೇಳಲು ಆಗುತ್ತದೆಯೇ?

ಸಂಪಾದಕರ ಉತ್ತರ: ಅಷ್ಟು ಸಾಲದು. ಈ ಸಂಖ್ಯೆಯ ವರ್ಗಮೂಲ ಸುಮಾರು 46,341. ಸುಮ್ನೆ ಭಾಗಿಸುತ್ತಾ ಹೋಗುವುದಾದರೆ ಅಲ್ಲಿಯವರೆಗೂ ಹೋಗಬೇಕು. ಆ ದಾರಿಯಲ್ಲಿ ನಾಲ್ಕು ಸಾವಿರಕ್ಕೂ ಜಾಸ್ತಿ ಅವಿಭಾಜ್ಯಗಳಿವೆ. ಆದರೆ ಕಂಪ್ಯೂಟರ್ ಬೇಕೇ ಬೇಕು ಅಂತೇನಿಲ್ಲ. 1772ರಲ್ಲೇ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಇದನ್ನು ಸಾಧಿಸಿ ತೋರಿಸಿದ್ದರು. ಆ ಹೊತ್ತಿಗೆ ಅವರ ದೃಷ್ಟಿ ಬಹುಪಾಲು ಹೋಗಿತ್ತು. ನನಗಂತೂ ಇಂದಿಗೂ ಬೆರಗು ಹುಟ್ಟಿಸುವ ಕೆಲಸ ಇದು.

ನಮ್ಮ ಸಂಖ್ಯೆ 2ರ 31ನೇ ಘಾತಕ್ಕಿಂತ 1 ಕಡಿಮೆ. ಎಲ್ಲ ಗುಟ್ಟೂ ಇಲ್ಲೇ ಇದೆ. ಯಾವುದೋ ಒಂದು ಅವಿಭಾಜ್ಯ ಇದನ್ನು ಭಾಗಿಸುತ್ತದೆ ಅಂದುಕೊಳ್ಳಿ. ಅದಕ್ಕೆ 'ಕ' ಎನ್ನೋಣ. 2, 4, 8, 16 ಹೀಗೆ 2ರ ಘಾತಗಳನ್ನು 'ಕ'ದಿಂದ ಭಾಗಿಸುತ್ತಾ ಹೋದರೆ 31ನೆಯದಕ್ಕೆ ಶೇಷ 1 ಬರಬೇಕು. 31 ತಾನೇ ಅವಿಭಾಜ್ಯ, ಹಾಗಾಗಿ ಅದಕ್ಕೂ ಮೊದಲು 1 ಬರುವುದಿಲ್ಲ. ಆಮೇಲೂ 31ರ ಮಗ್ಗಿಯಲ್ಲಷ್ಟೇ ಬರುತ್ತದೆ. ಇತ್ತ ಗಣಿತಜ್ಞ ಫರ್ಮಾ ಅವರ ಕಿರು ಪ್ರಮೇಯದ ಪ್ರಕಾರ, 2ರ ('ಕ' − 1)ನೇ ಘಾತಕ್ಕೂ ಶೇಷ 1. ಅಂದಮೇಲೆ 'ಕ'ದಲ್ಲಿ 1 ಕಳೆದರೆ ಸಿಗುವ ಸಂಖ್ಯೆ 31ರ ಮಗ್ಗಿಯಲ್ಲಿ ಇರಲೇಬೇಕು. 'ಕ' ಬೆಸ ಸಂಖ್ಯೆಯಾದ್ದರಿಂದ ಅದು 62ರ ಮಗ್ಗಿಯಲ್ಲೂ ಇರಬೇಕು.

ಚಿಕ್ಕದರಲ್ಲಿ ಪರೀಕ್ಷಿಸಿ ನೋಡಿ. 2ರ 11ನೇ ಘಾತದಲ್ಲಿ 1 ಕಳೆದರೆ 2047. ಅದು 23 ಮತ್ತು 89ರ ಗುಣಲಬ್ಧ. ಎರಡರಲ್ಲೂ 1 ಕಳೆಯಿರಿ: 22, 88. ಎರಡೂ 22ರ ಮಗ್ಗಿಯಲ್ಲೇ ಇವೆ, ಅಲ್ವಾ?

ಇನ್ನೊಂದು ಜರಡಿಯೂ ಇದೆ. 31ನೇ ಘಾತಕ್ಕೆ ಶೇಷ 1 ಆದರೆ 32ನೆಯದಕ್ಕೆ 2. ಅಂದರೆ 2ರ 16ನೇ ಘಾತವನ್ನು ವರ್ಗ ಮಾಡಿ 'ಕ'ದಿಂದ ಭಾಗಿಸಿದರೆ 2 ಉಳಿಯುತ್ತದೆ. 'ಕ'ವನ್ನು 8ರಿಂದ ಭಾಗಿಸಿದಾಗ 1 ಅಥವಾ 7 ಉಳಿದರೆ ಮಾತ್ರ ಹೀಗಾಗಲು ಸಾಧ್ಯ. ಅದರ ಸಾಧನೆ ಉದ್ದವಾದದ್ದು, ಇಲ್ಲಿ ಬಿಟ್ಟಿದ್ದೇನೆ. ಎರಡು ಷರತ್ತುಗಳನ್ನೂ ಸೇರಿಸಿದರೆ, 'ಕ'ವನ್ನು 248ರಿಂದ ಭಾಗಿಸಿದಾಗ 1 ಅಥವಾ 63 ಉಳಿಯಬೇಕು.

ಈಗ ಪಟ್ಟಿ ಮಾಡಿ. 63 ಅವಿಭಾಜ್ಯವಲ್ಲ. 249 ಅಂದರೆ 3 ಗುಣಿಸು 83, ಅದೂ ಹೋಯಿತು. ಮುಂದಿನದು 311. ನಿಜವಾಗಿ ಭಾಗಿಸಿ ನೋಡಬೇಕಾದ ಮೊದಲ ಸಂಖ್ಯೆಯೇ ಇದು! ನೀವು 100ರ ಒಳಗೆ ಭಾಗಿಸಿದ ಯಾವುದರಿಂದಲೂ ಶೇಷ ಸೊನ್ನೆ ಬರುವ ಸಾಧ್ಯತೆಯೇ ಇರಲಿಲ್ಲ. 311ರಿಂದ ಭಾಗಿಸಿದರೆ ಭಾಗಲಬ್ಧ 69,05,092, ಶೇಷ 35. 46,341ರವರೆಗೆ ಇಂಥ ಸಂಖ್ಯೆಗಳು ನಾನೂರಕ್ಕಿಂತ ಕಡಿಮೆ. ಅವುಗಳಲ್ಲೂ ಅವಿಭಾಜ್ಯಗಳನ್ನಷ್ಟೇ ಉಳಿಸಿಕೊಂಡರೆ ಸಾಕು.

2024ರಲ್ಲಿ ಸಿಕ್ಕ 4,10,24,320 ಅಂಕಿಗಳ ಅವಿಭಾಜ್ಯವೂ ಇದೇ ಜಾತಿಯದು: 2ರ 13,62,79,841ನೇ ಘಾತದಲ್ಲಿ 1 ಕಳೆದದ್ದು. ಅಷ್ಟು ದೊಡ್ಡದಕ್ಕೆ ಈ ಪಟ್ಟಿ ಸಾಲುವುದಿಲ್ಲ. ಅದಕ್ಕೆ ಕಂಪ್ಯೂಟರೂ ಬೇಕು, ಬೇರೆ ಪರೀಕ್ಷೆಯೂ ಬೇಕು. ನಿಮ್ಮ ಸಂಖ್ಯೆಗೆ ಕಾಗದ, ಪೆನ್ನು, ತಾಳ್ಮೆ ಇದ್ದರೆ ಆಯಿತು. ಪಟ್ಟಿಯಲ್ಲಿ 311 ಆದಮೇಲೆ ಸಿಗುವ ಅವಿಭಾಜ್ಯ 1303. ಅಲ್ಲಿಂದ ಮುಂದುವರಿಸಿ. ಬಂದ ಶೇಷಗಳನ್ನು ನಮಗೂ ಬರೆದು ಕಳಿಸಿ.